ಮೈಕ್ರೋಬಯಾಲಜಿ: ಓದು, ಲ್ಯಾಬು, ಕೆಲಸ

ಪ್ರ: ಮಗಳದ್ದು ಪಿಯುಸಿ ಪಿಸಿಎಂಬಿ ಆಗಿದೆ. ಇಮ್ಯುನಾಲಜಿ (ದೇಹದ ರೋಗನಿರೋಧಕ ಶಕ್ತಿಯ ಅಧ್ಯಯನ) ಇಷ್ಟ ಅನ್ನುತ್ತಾಳೆ. ಬಿ.ಎಸ್ಸಿ. ಮೈಕ್ರೋಬಯಾಲಜಿ ಮಾಡಿದರೆ ಆಸ್ಪತ್ರೆ ಲ್ಯಾಬಿನಲ್ಲಿ ಕೆಲಸ ಸಿಗುತ್ತದೆಯೇ?
– ಓದುಗರು, ಕಾರ್ಕಳ

ಉ: ಆಸ್ಪತ್ರೆ ಲ್ಯಾಬೇ ಗುರಿಯಾದರೆ ಬಿ.ಎಸ್ಸಿ. ಎಂಎಲ್‌ಟಿಗೆ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಸೇರಿಸಿ. ರಕ್ತ ತೆಗೆಯುವುದರಿಂದ ಹಿಡಿದು ಬಯೋಕೆಮಿಸ್ಟ್ರಿ, ರಕ್ತದ ಅಧ್ಯಯನವಾದ ಹೆಮಟಾಲಜಿವರೆಗೆ ಕಲಿತವರನ್ನೇ ಟೆಕ್ನಿಷಿಯನ್ ಕೆಲಸಕ್ಕೆ ಕೇಳುವುದು. ಇದನ್ನು ಮೂರು ವರ್ಷ ಕಳೆದ ಮೇಲೆ ತಿಳಿದುಕೊಂಡು ಪೇಚಾಡುವವರು ಕಮ್ಮಿಯಿಲ್ಲ. ಬಿ.ಎಸ್ಸಿ. ಮೈಕ್ರೋಬಯಾಲಜಿಯ ಹಾದಿ ಬೇರೆ: ಔಷಧ ಕಂಪನಿ, ಆಹಾರ ಮತ್ತು ನೀರಿನ ಪರೀಕ್ಷೆ, ಸಂಶೋಧನೆ. ಇದಕ್ಕೆ ನೀಟ್ ಬೇಕಿಲ್ಲ.

ಇಮ್ಯುನಾಲಜಿ ನಮ್ಮಲ್ಲಿ ಪದವಿಯಲ್ಲಿ ಸಾಮಾನ್ಯವಾಗಿ ಒಂದು ಪೇಪರ್ ಮಾತ್ರ. ಆಳಕ್ಕೆ ಇಳಿಯುವುದು ಎಂ.ಎಸ್ಸಿ., ಪಿಎಚ್.ಡಿ.ಯಲ್ಲಿ. ಮೆಡಿಕಲ್ ಕಾಲೇಜುಗಳ ಎಂ.ಎಸ್ಸಿ. ಮೆಡಿಕಲ್ ಮೈಕ್ರೋಬಯಾಲಜಿ 3 ವರ್ಷದ್ದು, ಉಳಿದ ಎಂ.ಎಸ್ಸಿ. 2 ವರ್ಷದ್ದು. ಸಂಶೋಧನೆಗೆ ಹೋಗುವವರು ಸಾಮಾನ್ಯವಾಗಿ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಗಳಾದ ಸಿಎಸ್‌ಐಆರ್ ನೆಟ್ ಅಥವಾ ಗೇಟ್ ಬರೆಯಬೇಕು. ಗೇಟ್‌ನ ಲೈಫ್ ಸೈನ್ಸಸ್ ಪತ್ರಿಕೆಯಲ್ಲಿ ರಸಾಯನಶಾಸ್ತ್ರ ಕಡ್ಡಾಯ, ಹಾಗಾಗಿ ಕೆಮಿಸ್ಟ್ರಿ ಬಿಡಿಸುವ ಕಾಂಬಿನೇಷನ್ ಬೇಡವೇ ಬೇಡ. ಮಣಿಪಾಲದಲ್ಲಿ ವೈರಾಲಜಿಗೆಂದೇ (ವೈರಸ್‌ಗಳ ಅಧ್ಯಯನ) ಒಂದು ಸಂಸ್ಥೆಯಿದೆ. ಮನೆಯ ಹತ್ತಿರವೇ ಇರುವಾಗ ಅಲ್ಲಿನ ಕೋರ್ಸುಗಳನ್ನೂ ವಿಚಾರಿಸಿ.

ಪ್ರ: ಇಲಿಜ್ವರದ ಐಜಿಎಂ ಎಲೈಸಾ ರಕ್ತಪರೀಕ್ಷೆ ಜ್ವರದ ಮೂರನೇ ದಿನ ನೆಗೆಟಿವ್, ಎಂಟನೇ ದಿನ ಪಾಸಿಟಿವ್. ಮೊದಲ ವರದಿ ತಪ್ಪೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಮಂಗಳೂರು

ಉ: ತಪ್ಪಾಗಿರಬೇಕೆಂದಿಲ್ಲ. ಈ ಎಲೈಸಾ ಹುಡುಕುವುದು ರೋಗಾಣುವನ್ನಲ್ಲ, ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯವನ್ನು. ಮೊದಲು ಹುಟ್ಟುವ ಪ್ರತಿಕಾಯವಾದ ಐಜಿಎಂ ಅಳತೆಗೆ ಸಿಗಲು ಜ್ವರ ಶುರುವಾಗಿ ಸುಮಾರು 5ರಿಂದ 7 ದಿನ ಹಿಡಿಯುತ್ತದೆ. ಮೊದಲ ವಾರ ಇಲಿಜ್ವರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ರಕ್ತದಲ್ಲೇ ಇರುವುದರಿಂದ ಆಗ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಹೆಚ್ಚು ಉಪಯುಕ್ತ. ಮಳೆಗಾಲದಲ್ಲಿ ವೈದ್ಯರು ಅನುಮಾನ ಬಂದ ಕೂಡಲೇ ವರದಿಗೆ ಕಾಯದೆ ಔಷಧ ಶುರುಮಾಡುವುದೂ ಇದಕ್ಕೇ. ನೆಗೆಟಿವ್ ಕಂಟ್ರೋಲ್ ವೆಲ್‌ನಲ್ಲೂ (ಪ್ರತಿಕಾಯ ಇಲ್ಲದ ಮಾದರಿ ಹಾಕಿದ ಗುಳಿ) ಪಾಸಿಟಿವ್ ಸೂಚಿಸುವ ಬಣ್ಣ ಬಂದಿದ್ದರೆ ಮಾತು ಬೇರೆ: ಪ್ಲೇಟು ಸರಿಯಾಗಿ ತೊಳೆದಿಲ್ಲ ಎಂದು ಮೊದಲು ಅನುಮಾನಿಸಿ, ಆ ಪ್ಲೇಟಿನ ಇಡೀ ರನ್ (ಒಂದು ಬಾರಿಯ ಪರೀಕ್ಷೆ) ಕೈಬಿಡಿ.

ಪ್ರ: ಎಂ.ಎಸ್ಸಿ. ಮುಗಿಯಿತು. ಮೀನು ರಫ್ತು ಕಂಪನಿಯ ಲ್ಯಾಬಿನಲ್ಲಿ ಸಂದರ್ಶನ ಇದೆ. ಏನು ಓದಿಕೊಳ್ಳಲಿ?
– ಓದುಗ, ಮಲ್ಪೆ

ಉ: ಆಹಾರದಿಂದ ಹರಡುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾದ ಪರೀಕ್ಷೆ ಬಾಯಿಪಾಠ ಇರಲಿ, ಕಾರಣಗಳ ಸಮೇತ. 25 ಗ್ರಾಂ ಮೀನು, 225 ಮಿ.ಲೀ. ಬಫರ್ಡ್ ಪೆಪ್ಟೋನ್ ವಾಟರ್ (ಪೋಷಕ ದ್ರವ), ಸುಮಾರು 37 ಡಿಗ್ರಿಯಲ್ಲಿ 18 ಗಂಟೆ. ಆಮೇಲೆ ಆರ್‌ವಿಎಸ್ ಬ್ರಾತ್ (ಬೇರೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೆಲೆಕ್ಟಿವ್ ದ್ರವ), 41.5 ಡಿಗ್ರಿ, 24 ಗಂಟೆ. ನಂತರ ಎಕ್ಸ್‌ಎಲ್‌ಡಿ ಪ್ಲೇಟು (ಕಾಲನಿ ಬೆಳೆಸುವ ಅಗಾರ್). ಪೆಪ್ಟೋನ್ ವಾಟರಿನ ಮೊದಲ ಹಂತ ಯಾಕೆ ಬೇಕು ಎಂದು ಖಂಡಿತ ಕೇಳುತ್ತಾರೆ. ಫ್ರೀಜ್ ಆದ ಮೀನಿನಲ್ಲಿ ಬ್ಯಾಕ್ಟೀರಿಯಾ ಪೆಟ್ಟು ತಿಂದಿರುತ್ತವೆ. ನೇರ ಸೆಲೆಕ್ಟಿವ್ ಬ್ರಾತಿಗೆ ಹಾಕಿದರೆ ಅಲ್ಲೇ ಸಾಯುತ್ತವೆ, ಇದ್ದದ್ದೂ ಇಲ್ಲವೆಂದು ವರದಿಯಾಗುತ್ತದೆ. ಎಕ್ಸ್‌ಎಲ್‌ಡಿಯಲ್ಲಿ ನಡುವೆ ಕಪ್ಪಾದ ಕೆಂಪು ಕಾಲನಿ ಕಂಡರೂ ಅದು ಅನುಮಾನವಷ್ಟೇ. ಬಯೋಕೆಮಿಕಲ್ ಪರೀಕ್ಷೆ, ಆಂಟಿಸೀರಂ ಅಗ್ಲುಟಿನೇಷನ್ (ಪ್ರತಿಕಾಯ ಸೇರಿಸಿದಾಗ ಗಂಟುಗಟ್ಟುತ್ತದೆಯೇ ಎಂದು ನೋಡುವುದು) ಎರಡೂ ಮುಗಿದ ಮೇಲೆಯೇ ಪಾಸಿಟಿವ್ ಎಂದು ಬರೆಯುವುದು.