ಮೂರು ಡಾಕ್ಟರ್, ಒಂದೇ ಮೈ

ಪೊನ್ನಂಪೇಟೆಯ ಸೋದರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ವಿಷಯ ಮಾತ್ರ ಉಳಿದವರಿಗೂ ತಿಳಿಯಲಿ. ನಿಮಗೆ 46 ವರ್ಷ. ಮುಟ್ಟು ಎರಡು ತಿಂಗಳು ಬರುವುದಿಲ್ಲ, ಬಂದರೆ ಹತ್ತು ದಿನ ನಿಲ್ಲುವುದಿಲ್ಲ. ಡಿಸೆಂಬರ್ ಚಳಿಯಲ್ಲೂ ನಡುರಾತ್ರಿ ಬೆವೆತು, ರಗ್ಗು ಒದ್ದು ಕಿಟಕಿ ತೆಗೆಯುತ್ತೀರಿ. ಯಜಮಾನರು ಎದ್ದು ಮುಚ್ಚುತ್ತಾರೆ. ಎದೆ ಡವಡವ ಅಂತ ಒಬ್ಬ ಡಾಕ್ಟರ ಹತ್ತಿರ ಹೋದಿರಿ, ಇಸಿಜಿ ನಾರ್ಮಲ್. ಮಂಡಿನೋವಿಗೆ ಇನ್ನೊಬ್ಬರು. ನಿದ್ದೆ ಮಾತ್ರೆ ಕೊಟ್ಟ ಮೂರನೆಯವರು ‘ಗರ್ಭಕೋಶ ತೆಗೆಸಿಬಿಡಿ’ ಅಂದರು. ರಕ್ತ ಪರೀಕ್ಷೆ ಯಾರೂ ಬರೆದುಕೊಡಲಿಲ್ಲ. ನಾದಿನಿ ಮಾತ್ರ ‘ಎಲ್ಲರಿಗೂ ಆಗೋದೇ, ಸುಮ್ನಿರಿ’ ಅಂತಾರೆ. ಯಾರ ಮಾತು ಕೇಳಲಿ ಅನ್ನುವುದು ನಿಮ್ಮ ಪ್ರಶ್ನೆ.

ಸುಮ್ಮನಿರಬೇಡಿ. ಮುಟ್ಟು ನಿಲ್ಲುವುದಕ್ಕೆ ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಹಾರ್ಮೋನು ಏರುಪೇರಾಗುತ್ತದೆ. ಬೆವರು, ಎದೆಬಡಿತ, ಕೀಲುನೋವು, ಸಿಡುಕು, ಮರೆವು ಎಲ್ಲ ಅದರಿಂದಲೇ ಬರಬಹುದು. ಹಾಗಂತ ಎಲ್ಲವನ್ನೂ ಅದರ ತಲೆಗೆ ಕಟ್ಟಲೂ ಆಗದು. ಥೈರಾಯ್ಡ್ ಜಾಸ್ತಿಯಾದರೂ ಬೆವರುತ್ತದೆ. ರಕ್ತ ಕಮ್ಮಿಯಾದರೂ ಎದೆ ಹೊಡೆದುಕೊಳ್ಳುತ್ತದೆ. ಹತ್ತು ದಿನ ರಕ್ತ ಹೋಗುವವರಿಗೆ ಹಿಮೋಗ್ಲೋಬಿನ್ ನೋಡದೆ ನಿದ್ದೆ ಮಾತ್ರೆ ಕೊಟ್ಟಿದ್ದು ನನಗಂತೂ ಸರಿ ಕಾಣಲಿಲ್ಲ.

ನಿಮ್ಮ ಮಂಡಿ, ಎದೆ, ನಿದ್ದೆ, ಮುಟ್ಟು ಎಲ್ಲವನ್ನೂ ಒಬ್ಬರೇ ಕೂತು ಕೇಳಬೇಕು. ಒಬ್ಬ ಸ್ತ್ರೀರೋಗ ತಜ್ಞರನ್ನು ಹಿಡಿಯಿರಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಆ ವಿಭಾಗವಿದೆ. ಹೋಗುವ ಮೊದಲು ಒಂದು ನೋಟ್‌ಬುಕ್ ಮಾಡಿ. ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆದಂತೆ ದಿನವೂ ಬರೆಯಿರಿ: ಎಷ್ಟು ಪ್ಯಾಡ್, ರಾತ್ರಿ ಎಷ್ಟು ಸಲ ಎಚ್ಚರ, ಯಾವ ಮಾತ್ರೆ. ತಾಯಿಗೆ, ಅಕ್ಕತಂಗಿಯರಿಗೆ ಸ್ತನ ಕ್ಯಾನ್ಸರ್ ಇತ್ತಾ, ನಿಮಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅನ್ನುವುದೂ ಇರಲಿ. ನಿಮಗೆ ಯಾವ ಔಷಧಿ ಆಗುತ್ತದೆ, ಯಾವುದು ಆಗದು ಎಂದು ಇದರಿಂದಲೇ ಗೊತ್ತಾಗುವುದು. ಪಕ್ಕದ ಮನೆಯವರ ಚೀಟಿ ನಿಮಗೆ ಹೊಂದದು.

ಗರ್ಭಕೋಶದ ವಿಷಯಕ್ಕೆ ಅವಸರ ಬೇಡ. ಮೊದಲು ಸ್ಕ್ಯಾನಿಂಗ್, ಬೇಕೆಂದರೆ ಒಳಪದರದ ಸಣ್ಣ ತುಣುಕಿನ ಪರೀಕ್ಷೆ. ರಕ್ತಸ್ರಾವ ಕಮ್ಮಿ ಮಾಡಲು ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನವೂ ಇದೆ. ದೊಡ್ಡ ಗಡ್ಡೆ, ಕ್ಯಾನ್ಸರ್ ಇದ್ದರೆ ಆಪರೇಷನ್ ಬೇಕಾಗಬಹುದು. ಆಗಲೂ ಅಂಡಾಶಯ ಉಳಿಸುತ್ತೀರಾ ಎಂದು ಬಾಯಿ ಬಿಟ್ಟು ಕೇಳಿ. ಎರಡೂ ಅಂಡಾಶಯ ತೆಗೆದರೆ ಈಗಿನ ಕಷ್ಟವೆಲ್ಲ ಜೋರಾಗಿ, ಒಟ್ಟಿಗೇ ಮೇಲೆ ಬೀಳುತ್ತದೆ.

ಈ ಕಷ್ಟಗಳಿಗೆ ಈಸ್ಟ್ರೋಜನ್‌ನಂಥ ಹಾರ್ಮೋನನ್ನೇ ಔಷಧಿಯಾಗಿ ಕೊಡುವ ಹಾರ್ಮೋನ್ ಚಿಕಿತ್ಸೆ ಅಂದರೆ ಕ್ಯಾನ್ಸರ್ ಎಂಬ ಭಯ ಬರೆದಿದ್ದೀರಿ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಸುದ್ದಿಯಿಂದ ಹರಡಿದ ಭಯ ಅದು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅಪಾಯ ಇಲ್ಲವೆಂದಲ್ಲ. ಆದರೆ 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡುವ ಹೆಚ್ಚಿನವರಿಗೆ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್ ಬಂದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಸಂಜೆಯ ಕಾಫಿ ಬಿಟ್ಟು ನೋಡಿ. ಕೊಡಗಿನಲ್ಲಿ ಕೂತು ಇದನ್ನು ಬರೆಯಲು ಧೈರ್ಯ ಬೇಕು, ಅಲ್ವಾ! ಇನ್ನು ಮುಂದೆ ಮೂಳೆ ಸವೆಯುತ್ತದೆ. ರಾಗಿ, ಮತ್ತಿ ಮೀನು ತಿನ್ನಿ, ಏರು ಹತ್ತಿ ನಡೆಯಿರಿ. ಮಳೆಗಾಲದಲ್ಲಿ ನಮಗೆ ಬಿಸಿಲೇ ಕಾಣದು. ವಿಟಮಿನ್ ಡಿ ಬಗ್ಗೆಯೂ ಕೇಳಿ.

ಕಾಫಿ ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ಗಂಟೆಗೊಂದು ಪ್ಯಾಡ್ ನೆನೆದರೆ, ತಲೆ ಸುತ್ತಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಲೇಬೇಕು. ನಿಮ್ಮ ನಾದಿನಿಗೂ ಇದನ್ನು ಹೇಳಿ.

– ಸಂ.