ಸೈಜ್ ಆಪ್ಷನ್‌ಗೆ ಹೆಲ್ಪ್ ಬರೆಯುವಾಗ ಬೈಟ್ ಲೆಕ್ಕವನ್ನೇ ಬರೆಯಿರಿ

ನಿಮ್ಮ ಕಮಾಂಡ್‌ಲೈನ್ ಟೂಲ್ ದೊಡ್ಡ ಲಾಗ್ ಫೈಲನ್ನು ತುಂಡು ಮಾಡುತ್ತದೆ. ಸೈಜ್ ಆಪ್ಷನ್‌ಗೆ ಹೆಲ್ಪ್‌ನಲ್ಲಿ ‘ಪ್ರತಿ ತುಂಡಿನ ಗಾತ್ರ’ ಅಂತಷ್ಟೇ ಇದೆ. ಜನ 100 ಅಂತ ಕೊಟ್ಟು, ನೂರು ನೂರು ಬೈಟಿನ ಫೈಲುಗಳ ರಾಶಿ ಮಾಡಿಕೊಂಡು ನಿಮ್ಮನ್ನು ಕೇಳುತ್ತಿದ್ದಾರೆ. ಕೋಡ್ ಬದಲಿಸಲೋ, ಹೆಲ್ಪ್ ತಿದ್ದಲೋ ಅನ್ನುವುದು ನಿಮ್ಮ ಪ್ರಶ್ನೆ. ಹೆಲ್ಪ್ ತಿದ್ದಿ. ಬರೀ ಸಂಖ್ಯೆ ಕೊಟ್ಟರೆ ಎಂಬಿ ಅಂತ ಈಗ ಅರ್ಥ ಬದಲಿಸಿದರೆ, ಇಷ್ಟು ದಿನ ಸರಿಯಾಗಿ ಬಳಸುತ್ತಿದ್ದವರ ಸ್ಕ್ರಿಪ್ಟುಗಳು ಸದ್ದಿಲ್ಲದೆ ಕೆಡುತ್ತವೆ.

100 ಕೊಟ್ಟವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಊಹಿಸಲು ದಾರಿಯೇ ಇಲ್ಲ. ಫೈಲುಗಳನ್ನು ಕಾಪಿ ಮಾಡುವ ಆರ್‌ಸಿಂಕ್ ಒಂದನ್ನೇ ನೋಡಿ: ಫೈಲಿನ ಗರಿಷ್ಠ ಗಾತ್ರ ಹೇಳುವ ಆಪ್ಷನ್‌ಗೆ ಬರೀ ಸಂಖ್ಯೆ ಕೊಟ್ಟರೆ ಅದು ಬೈಟ್. ಅದೇ ಪ್ರೋಗ್ರಾಮಿನಲ್ಲಿ ವೇಗಕ್ಕೆ ಮಿತಿ ಹಾಕುವ ಆಪ್ಷನ್‌ಗೆ ಕೊಟ್ಟರೆ 1024 ಬೈಟಿನ ಲೆಕ್ಕ. ಡಿಸ್ಕಿನ ಜಾಗವನ್ನು ಭಾಗ ಮಾಡಿಕೊಡುವ ಎಲ್‌ವಿಕ್ರಿಯೇಟ್‌ನಲ್ಲಿ ಬರೀ ಸಂಖ್ಯೆ ಅಂದರೆ ಮೆಗಾಬೈಟ್. ಫೈಲು ಹುಡುಕುವ ಫೈಂಡ್‌ನ ಸೈಜ್ ಆಪ್ಷನ್‌ನಲ್ಲಿ 512 ಬೈಟಿನ ಬ್ಲಾಕ್. ಹಾಗಾಗಿ ಅಕ್ಷರವಿಲ್ಲದ ಸಂಖ್ಯೆಗೆ ಏನು ಅರ್ಥ ಅನ್ನುವುದು ಆ ಆಪ್ಷನ್ನಿನ ಸಾಲಿನಲ್ಲೇ, ಮೊದಲ ವಾಕ್ಯದಲ್ಲೇ ಇರಲಿ. ಮ್ಯಾನ್ ಪೇಜಿನ, ಅಂದರೆ ಕಮಾಂಡಿನ ಕೈಪಿಡಿಯ, ಕೊನೆಯಲ್ಲಿ ಬರೆದಿದ್ದನ್ನು ಕಮಾಂಡ್ ಟೈಪ್ ಮಾಡುತ್ತಿರುವವರು ಯಾರೂ ಹುಡುಕಿ ಓದುವುದಿಲ್ಲ.

ಆಮೇಲೆ ಸಂಖ್ಯೆಯ ಕೊನೆಗೆ ಸೇರಿಸುವ ಕೆ (ಕಿಲೋ), ಎಂ (ಮೆಗಾ), ಜಿ (ಗಿಗಾ) ಅಕ್ಷರಗಳು. 1024ರ ಲೆಕ್ಕಕ್ಕೆ ಕಿಬಿ, ಮೆಬಿ ಅನ್ನುವ ಬೇರೆ ಹೆಸರುಗಳನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಇಸಿ 1998ರಲ್ಲೇ ಕೊಟ್ಟಿದೆ. ಆದರೂ ಲಿನಕ್ಸ್‌ನಲ್ಲಿ ಬರುವ, ಫೈಲು ತುಂಡು ಮಾಡುವ ಸ್ಪ್ಲಿಟ್‌ನಂಥ ಗ್ನೂ ಟೂಲುಗಳಲ್ಲಿ ಬರೀ ಎಂ ಅಂದರೆ 1024ರ ಲೆಕ್ಕ, ಎಂಬಿ ಅಂದರೆ 1000ದ ಲೆಕ್ಕ. ಒಂದು ಬಿ ಅಕ್ಷರ ಸೇರಿದರೆ ಗಾತ್ರ ಕಡಿಮೆಯಾಗುತ್ತದೆ ಅಂತ ಯಾರಿಗೆ ತೋಚೀತು? ಕೆ ಮಟ್ಟದಲ್ಲಿ ವ್ಯತ್ಯಾಸ ಶೇ. 2.4 ಅಷ್ಟೇ, ಜಿ ಮಟ್ಟಕ್ಕೆ ಬರುವಾಗ ಶೇ. 7.4 ಆಗುತ್ತದೆ, ಟಿ (ಟೆರಾ) ಮಟ್ಟದಲ್ಲಿ ಶೇ. 10ರ ಹತ್ತಿರ.

ಇದು ಬರೀ ಶಾಸ್ತ್ರದ ಮಾತಲ್ಲ. ಫ್ಯಾಟ್32 ಅನ್ನುವ ಫಾರ್ಮ್ಯಾಟಿನ ಪೆನ್‌ಡ್ರೈವಿನಲ್ಲಿ ಒಂದು ಫೈಲು ಹೆಚ್ಚೆಂದರೆ 4294967295 ಬೈಟ್ ಇರಬಹುದು. ಸ್ಪ್ಲಿಟ್‌ಗೆ 4ಜಿ ಅಂತ ಕೊಟ್ಟರೆ ಪ್ರತಿ ತುಂಡು 4294967296 ಬೈಟ್ ಆಗುತ್ತದೆ. ಸರಿಯಾಗಿ ಒಂದು ಬೈಟ್ ಹೆಚ್ಚು, ಕಾಪಿ ಆಗುವುದಿಲ್ಲ. 4ಜಿಬಿ ಅಂತ ಕೊಟ್ಟರೆ 4000000000 ಬೈಟ್, ಆರಾಮಾಗಿ ಹಿಡಿಸುತ್ತದೆ. ನಿಮ್ಮ ಟೂಲನ್ನೂ ಜನ ಇಂಥ ಕೆಲಸಕ್ಕೇ ಬಳಸುವುದರಿಂದ ‘ಮೆಗಾಬೈಟ್’ ಅಂತ ಹೆಸರು ಬರೆದು ಬಿಡಬೇಡಿ, 1048576 (1024×1024) ಅಂತ ಅಂಕಿಯನ್ನೇ ಬರೆಯಿರಿ. ಹೆಸರನ್ನು ಒಬ್ಬೊಬ್ಬರು ಒಂದೊಂದು ತರಹ ಓದುತ್ತಾರೆ, ಅಂಕಿಯನ್ನು ಎಲ್ಲರೂ ಒಂದೇ ತರಹ ಓದುತ್ತಾರೆ.

ಸ್ಮಾಲ್, ಕ್ಯಾಪಿಟಲ್ ಎರಡೂ ನಡೆಯುತ್ತದೆಯೇ ಅನ್ನುವುದನ್ನೂ ಹೇಳಿ. ಸ್ವಲ್ಪ ಹೊತ್ತು ಕಾಯಿಸುವ ಸ್ಲೀಪ್ ಕಮಾಂಡಿನಲ್ಲಿ ಸ್ಮಾಲ್ ಎಂ ಅಂದರೆ ನಿಮಿಷ, ನೆನಪಿರಲಿ. ಬರೀ ಬಿ ಅಕ್ಷರವನ್ನು ಮಾತ್ರ ಒಪ್ಪಲೇಬೇಡಿ ಅಂತ ನನ್ನ ಸಲಹೆ: ಡಿಡಿ ಮತ್ತು ಹೆಡ್ ಕಮಾಂಡುಗಳಲ್ಲಿ ಅದು 512 ಬೈಟ್, ಬೇರೆ ಕೆಲವು ಕಡೆ ಒಂದು ಬೈಟ್, ನೆಟ್‌ವರ್ಕ್‌ನವರು ಓದಿದರೆ ಬಿಟ್.

ಹೆಚ್ಚಿನವರು ಬರೆಯದೆ ಬಿಡುವುದು ಪೂರ್ಣಾಂಕಕ್ಕೆ ಏರಿಸುವ ವಿಚಾರ. ಒಂದು ಎಂಗಿಂತ ಚಿಕ್ಕ ಫೈಲುಗಳು ಬೇಕು ಅಂತ ಫೈಂಡ್‌ಗೆ ಮೈನಸ್ 1ಎಂ ಕೊಟ್ಟರೆ ಸಿಗುವುದು ಖಾಲಿ ಫೈಲುಗಳು ಮಾತ್ರ. ಕಾರಣ, ಫೈಂಡ್ ಮೊದಲು ಫೈಲಿನ ಗಾತ್ರವನ್ನು ಆ ಯೂನಿಟ್ಟಿಗೆ ಮೇಲಕ್ಕೆ ಏರಿಸುತ್ತದೆ. ಒಂದೇ ಬೈಟಿನ ಫೈಲೂ 1ಎಂ ಆಗಿಬಿಡುತ್ತದೆ, ಒಂದಕ್ಕಿಂತ ಕಡಿಮೆ ಅಂದರೆ ಉಳಿಯುವುದು ಸೊನ್ನೆ. ಮೈನಸ್ 1048576 ಜೊತೆಗೆ ಬೈಟಿನ ಸೂಚಕವಾದ ಸಿ ಅಕ್ಷರ ಕೊಟ್ಟರೆ ಬೇಕಾದ ಉತ್ತರ ಸಿಗುತ್ತದೆ. ಫೈಂಡ್‌ನ ಮ್ಯಾನ್ ಪೇಜ್ ಈ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದಕ್ಕೆ ಏನು ಸಿಗುತ್ತದೆ ಅಂತ ಬಿಡಿಸಿ ಬರೆದಿದೆ. ಹೆಲ್ಪ್ ಬರೆಯುವವರು ಅನುಸರಿಸಬೇಕಾದದ್ದು ಅದನ್ನು. ನಿಮ್ಮ ಟೂಲ್ ಸಾಲನ್ನು ಮಧ್ಯದಲ್ಲಿ ಕತ್ತರಿಸುವುದಿಲ್ಲ ಅಂದಿದ್ದೀರಲ್ಲ, ಹಾಗಾದರೆ ತುಂಡು ಹೇಳಿದ ಗಾತ್ರವನ್ನು ದಾಟುತ್ತದೋ, ಅದರೊಳಗೇ ನಿಲ್ಲುತ್ತದೋ? ಆ ಒಂದು ವಾಕ್ಯ ಬರೆಯದೆ ಈ ಹೆಲ್ಪ್ ಪೂರ್ತಿಯಾಗುವುದಿಲ್ಲ.

ನಾನಾದರೆ ಹೀಗೆ ಬರೆಯುತ್ತೇನೆ: ‘ಪ್ರತಿ ತುಂಡಿನ ಗರಿಷ್ಠ ಗಾತ್ರ. ಬರೀ ಸಂಖ್ಯೆ ಕೊಟ್ಟರೆ ಬೈಟ್. ಕೆ 1024, ಎಂ 1048576, ಜಿ 1073741824 ಬೈಟ್. ಕೆಬಿ, ಎಂಬಿ, ಜಿಬಿ 1000ದ ಲೆಕ್ಕ. ಅಕ್ಷರ ಕ್ಯಾಪಿಟಲ್ ಇರಬೇಕು, ದಶಾಂಶ ನಡೆಯುವುದಿಲ್ಲ. ತುಂಡು ಸಾಲಿನ ಕೊನೆಗೇ ಮುಗಿಯುತ್ತದೆ, ಹಾಗಾಗಿ ಗಾತ್ರ ಇದಕ್ಕಿಂತ ಕಡಿಮೆ ಬರಬಹುದು. ಒಂದು ಸಾಲೇ ಇದಕ್ಕಿಂತ ಉದ್ದವಿದ್ದರೆ ಮಾತ್ರ ದಾಟುತ್ತದೆ. ಕೊಡದಿದ್ದರೆ 100ಎಂ.’ ಕೋಡ್ ಬೇರೆ ತರಹ ನಡೆದುಕೊಂಡರೆ ಅದನ್ನೇ ಬರೆಯಿರಿ. ಸೊನ್ನೆ ಕೊಟ್ಟರೆ ಮಿತಿ ಇಲ್ಲವೋ, ಎರರೋ ಅನ್ನುವುದನ್ನೂ ಸೇರಿಸಿ.

ಎರರ್ ಮೆಸೇಜ್ ಕೂಡ ಹೆಲ್ಪೇ. 10ಕ್ಯೂ ಅಂತ ಕೊಟ್ಟವರಿಗೆ ‘ತಪ್ಪು ಗಾತ್ರ’ ಅಂದರೆ ಸಾಲದು, ಅವರು ಕೊಟ್ಟಿದ್ದನ್ನು ತೋರಿಸಿ, ಯಾವ ಅಕ್ಷರ ನಡೆಯುತ್ತದೆ ಅಂತ ಅಲ್ಲೇ ಹೇಳಿ. 100ರ ಸಮಸ್ಯೆಗೆ ಕೋಡಿನಲ್ಲಿ ಒಂದು ಸಣ್ಣ ಸೇರ್ಪಡೆ ಸಾಕು: ತುಂಡುಗಳ ಸಂಖ್ಯೆ ವಿಪರೀತವಾಗುತ್ತದೆ ಅನ್ನಿಸಿದರೆ ‘100 ಬೈಟ್ ಅಂತ ತೆಗೆದುಕೊಂಡಿದ್ದೇನೆ’ ಅಂತ ಎಚ್ಚರಿಕೆ ತೋರಿಸಲಿ, ಕೆಲಸ ಮಾತ್ರ ನಿಲ್ಲಿಸುವುದು ಬೇಡ.

ಹೆಲ್ಪ್‌ನಲ್ಲಿ ಬರೆದ ಅಂಕಿಗಳನ್ನೇ ಟೆಸ್ಟ್‌ಗೂ ಹಾಕಿ: 1ಕೆ ಕೊಟ್ಟರೆ 1024, 1ಕೆಬಿ ಕೊಟ್ಟರೆ 1000, 1 ಕೊಟ್ಟರೆ 1. ಹೊಸ ಸಾಲುಗಳನ್ನು ಬರೆದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.