ಹಳೇ ಯೆಜ್ಡಿಗೆ ಹೊಸ ಸೈಲೆನ್ಸರ್: ಕೊಳ್ಳುವ ಮೊದಲು ಒಮ್ಮೆ ಬಿಚ್ಚಿ ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪ 1989ರಲ್ಲಿ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಕೈಗೆ ಬಂದಿದೆ. ಸ್ಟಾರ್ಟ್ ಆಗುತ್ತದೆ, ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಎಡಗಡೆ ಸೈಲೆನ್ಸರ್ ಅಡಿಯಲ್ಲಿ ತುಕ್ಕು ಹಿಡಿದು ಸಣ್ಣ ತೂತು ಬಿದ್ದಿದೆ. ಹೊರಗಿನ ಮಾಲು, ಅಂದರೆ ಕಂಪನಿಯದ್ದಲ್ಲದ ಸೈಲೆನ್ಸರ್, ಹಾಕಿಸೋಣ ಅಂತಿದ್ದೇನೆ. ಹೇಗೆ ಆರಿಸಬೇಕು ಸರ್? ಬ್ಯಾಫಲ್ ತೆಗೆದುಬಿಟ್ಟರೆ ಪಿಕಪ್ ಜಾಸ್ತಿ ಆಗುತ್ತದೆ ಅಂತ ಗೆಳೆಯರು ಹೇಳುತ್ತಾರೆ, ನಿಜವಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಗೆಳೆಯರ ಮಾತಿಗೆ ಉತ್ತರ ಹೇಳುತ್ತೇನೆ. ಬ್ಯಾಫಲ್ ಎಂದರೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸಲು ಇಟ್ಟಿರುವ, ತೂತುಗಳಿರುವ ಭಾಗ. ಅದನ್ನು ತೆಗೆಯಬೇಡಿ. ಸದ್ದು ಜಾಸ್ತಿ ಆಗುತ್ತದೆ, ಎಳೆತ ಕಡಿಮೆ ಆಗುತ್ತದೆ. ಸದ್ದು ಜೋರಾದಾಗ ಗಾಡಿ ಜೋರಾಗಿ ಹೋಗುತ್ತಿದೆ ಎಂದು ಕಿವಿಗೆ ಅನ್ನಿಸುತ್ತದೆ, ಅಷ್ಟೇ.

ನಿಮ್ಮದು ಟೂ ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ, ಹೊಗೆಗೆ ದಾರಿ ಮಾತ್ರ ಎರಡು. ಅದಕ್ಕೇ ಎರಡು ಸೈಲೆನ್ಸರ್. ಟೂ ಸ್ಟ್ರೋಕ್‌ನಲ್ಲಿ ಸುಟ್ಟ ಹೊಗೆ ಹೊರಗೆ ಹೋಗುವ ಕಿಂಡಿಯೂ ಹೊಸ ಪೆಟ್ರೋಲ್ ಗಾಳಿ ಒಳಗೆ ಬರುವ ಕಿಂಡಿಯೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರುತ್ತವೆ. ಆಗ ಹೊಸ ಗಾಳಿಯಲ್ಲಿ ಒಂದಷ್ಟು ಸುಡದೆಯೇ ಹೊಗೆಯ ಜೊತೆ ಹೊರಟುಬಿಡುತ್ತದೆ. ಅದನ್ನು ವಾಪಸ್ ತಳ್ಳುವುದು ಸೈಲೆನ್ಸರ್ ಕೆಲಸ. ಒಳಗೆ ಬಡಿದು ಹಿಂದಕ್ಕೆ ಬರುವ ಒತ್ತಡದ ಅಲೆ ಆ ಗಾಳಿಯನ್ನು ತಡೆದು ಸಿಲಿಂಡರ್ ಒಳಗೇ ಉಳಿಸುತ್ತದೆ. ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು, ಹೊರಗೆ ಜಾರುವವರನ್ನು ಒಳಗೆ ತಳ್ಳುವ ಕಂಡಕ್ಟರ್ ಇರುತ್ತಾನಲ್ಲ, ಹಾಗೆ. ಸೈಲೆನ್ಸರ್ ಉದ್ದ, ಒಳಗಿನ ಆಕಾರ, ಬ್ಯಾಫಲ್‌ನ ತೂತುಗಳು ಎಲ್ಲವೂ ಆ ಲೆಕ್ಕಕ್ಕೆ ಸೇರಿದ್ದು. ಹಾಗಾಗಿ ಹಳೇ ಟೂ ಸ್ಟ್ರೋಕ್ ಗಾಡಿಯಲ್ಲಿ ಸೈಲೆನ್ಸರ್ ಎಂದರೆ ಎಂಜಿನ್ನಿನದೇ ಒಂದು ಭಾಗ. ಇದೊಂದು ಮನಸ್ಸಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಇನ್ನು ಘಾಟಿಯಲ್ಲಿ ಉಸಿರು ಕಟ್ಟುವ ವಿಷಯ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿ ಸಲ ವೇಗ ಇಳಿಸಿ ಮತ್ತೆ ಎಳೆಸಬೇಕು. ಹೊಗೆ ಸರಾಗವಾಗಿ ಹೋಗದಿದ್ದರೆ ಅದು ಗೊತ್ತಾಗುವುದೇ ಅಲ್ಲಿ. ನಿಮ್ಮ ಸೈಲೆನ್ಸರ್ ಕಟ್ಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಪೆಟ್ರೋಲಿಗೆ ಬೆರೆಸಿದ ಆಯಿಲ್ ಪೂರ್ತಿ ಸುಡುವುದಿಲ್ಲ. ಮೂವತ್ತು ವರ್ಷದ ಆಯಿಲ್ ಮಸಿ ಬ್ಯಾಫಲ್ ತೂತುಗಳಲ್ಲಿ ಟಾರಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಗಾಡಿ ಸ್ಟಾರ್ಟ್ ಮಾಡಿ, ಎರಡೂ ಸೈಲೆನ್ಸರ್ ಹಿಂದೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನೋಡಿ. ಎರಡರಿಂದಲೂ ಹೆಚ್ಚುಕಡಿಮೆ ಒಂದೇ ರಭಸದಲ್ಲಿ ಹೊಗೆ ಬರಬೇಕು. ಒಂದು ಕಡೆ ಮೆತ್ತಗಿದ್ದರೆ ಆ ಕಡೆ ಕಟ್ಟಿಕೊಂಡಿದೆ ಎಂದರ್ಥ.

ಬಾಲದ ಕಡೆ ಬಿಚ್ಚಿ ಬ್ಯಾಫಲ್ ಹೊರಗೆ ಎಳೆಯಿರಿ. ಹಿಂದೆಲ್ಲ ಬೆಂಕಿಗೆ ಹಾಕಿ ಮಸಿ ಸುಡುತ್ತಿದ್ದರು. ಬ್ಯಾಫಲ್ ಒಂದನ್ನೇ ಸುಟ್ಟರೆ ತೊಂದರೆ ಇಲ್ಲ. ಹೊರಗಿನ ಕೊಳವೆಯನ್ನು ಸುಟ್ಟರೆ ಕ್ರೋಮ್ ನೀಲಿಗಟ್ಟಿ ಹಾಳಾಗುತ್ತದೆ. ಕೊಳವೆಯ ಮಸಿಗೆ ಕಾಸ್ಟಿಕ್ ಸೋಡಾ ನೀರು ಒಳ್ಳೆಯದು. ಆದರೆ ಬಲು ಎಚ್ಚರಿಕೆ ಬೇಕು. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಸೋಡಾ ಸ್ವಲ್ಪ ಸ್ವಲ್ಪವಾಗಿ. ಸೋಡಾ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಮಕ್ಕಳು, ದನಕರು ಓಡಾಡುವ ಅಂಗಳದಲ್ಲಿ ಮಾಡಬೇಡಿ. ಅಲ್ಯೂಮಿನಿಯಂ ಭಾಗಕ್ಕೆ ಈ ನೀರು ತಾಗಬಾರದು, ತಿಂದುಬಿಡುತ್ತದೆ. ರಾತ್ರಿಯಿಡೀ ನೆನೆಸಿಟ್ಟು ಬೆಳಿಗ್ಗೆ ಚೆನ್ನಾಗಿ ತೊಳೆದು ಒಣಗಿಸಿ. ಸಿಲಿಂಡರ್‌ನ ಹೊಗೆ ಕಿಂಡಿಯಲ್ಲೂ ಇದೇ ಮಸಿ ಇರುತ್ತದೆ, ಅದನ್ನೂ ಕೆರೆಸಿ.

ಇಷ್ಟು ಮಾಡಿದ ಮೇಲೆ ಹಳೇ ಸೈಲೆನ್ಸರ್ ಕೈಯಲ್ಲಿ ಹಿಡಿದು ನೋಡಿ. ತೂತು ಒಂದೇ ಕಡೆ ಇದ್ದು ಸುತ್ತಲಿನ ತಗಡು ಗಟ್ಟಿಯಾಗಿದ್ದರೆ ವೆಲ್ಡಿಂಗ್ ಮಾಡಿಸಿ ಹಾಕಿಕೊಳ್ಳಿ. ಈ ಗಾಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿದೆ. ಆ ಕಾಲದ ಮಾಲು ಮತ್ತೆ ಬರುವುದಿಲ್ಲ. ಮನೆಯಲ್ಲಿರುವ ಅಸಲಿ ಸೈಲೆನ್ಸರನ್ನು, ತೂತು ಬಿದ್ದಿದ್ದರೂ, ಗುಜರಿಗೆ ಹಾಕಬೇಡಿ. ಹೊಸದನ್ನು ಅಳೆಯಲು ನಿಮಗೆ ಅದೇ ಅಳತೆಗೋಲು.

ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿದರೆ ತಗಡು ಒಳಗೆ ಹೋಗುತ್ತದೆ ಎಂದಾದರೆ ಹೊಸದು ಬೇಕೇ ಬೇಕು. ಆಗ ಅಂಗಡಿಗೆ ಹಳೆಯದನ್ನು ಜೊತೆಗೇ ಒಯ್ಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ಉದ್ದ ನೋಡಿ. ತಕ್ಕಡಿಯಲ್ಲಿ ತೂಗಿ. ತೊಳೆದ ಹಳೆಯದಕ್ಕಿಂತ ಹೊಸದು ಎದ್ದು ಕಾಣುವಷ್ಟು ಹಗುರ ಇದ್ದರೆ ತಗಡು ತೆಳು, ಇಲ್ಲವೇ ಒಳಗೆ ಅರ್ಧ ಬ್ಯಾಫಲ್ ಇದೆ. ಬ್ಯಾಫಲ್ ಬಿಚ್ಚಲು ಬರುತ್ತದಾ ಕೇಳಿ. ಒಳಗೇ ವೆಲ್ಡ್ ಮಾಡಿದ್ದನ್ನು ಕೊಳ್ಳಬೇಡಿ, ಮುಂದೆ ಮಸಿ ತೆಗೆಯಲು ಆಗುವುದಿಲ್ಲ. ಬ್ರಾಕೆಟ್ ತೂತು ಹಳೆಯದರ ಜಾಗದಲ್ಲೇ ಇರಬೇಕು. ಮತ್ತೆ, ಒಂದು ಕಡೆ ಹಳೆಯದು ಒಂದು ಕಡೆ ಹೊಸದು ಹಾಕಬೇಡಿ. ಎರಡೂ ಕಡೆ ಹೊಗೆ ಒಂದೇ ಸಮ ಹೋಗಬೇಕು, ಜೋಡಿಯನ್ನೇ ಬದಲಿಸಿ.

ಕೂರಿಸುವಾಗ ಅವಸರ ಮಾಡುವ ಮೆಕ್ಯಾನಿಕ್ ಹತ್ತಿರ ಬಿಡಬೇಡಿ. ಪೈಪನ್ನು ಸಿಲಿಂಡರಿಗೆ ಬಿಗಿಯುವ ದೊಡ್ಡ ನಟ್ಟನ್ನು ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು ಬಿಚ್ಚುವವರಿದ್ದಾರೆ. ನಟ್ಟಿನ ಹಲ್ಲು ಮುರಿಯುತ್ತದೆ, ಕೆಟ್ಟರೆ ಸಿಲಿಂಡರ್ ಥ್ರೆಡ್ಡೇ ಹೋಗುತ್ತದೆ. ಹಿಂದಿನ ರಾತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಕೊಕ್ಕೆ ಸ್ಪ್ಯಾನರ್ ಬಳಸಿ. ಗ್ಯಾಸ್ಕೆಟ್ ಹೊಸದೇ ಹಾಕಿ. ಎಲ್ಲವನ್ನೂ ಮೊದಲು ಸಡಿಲವಾಗಿ ಜೋಡಿಸಿ, ಪೈಪು ತಾನಾಗಿಯೇ ಕೂತ ಮೇಲೆ ಮುಂದಿನ ನಟ್ ಬಿಗಿ ಮಾಡಿ. ಹಿಂದಿನ ಬ್ರಾಕೆಟ್ ಕೊನೆಗೆ. ಹಿಂದಿನದನ್ನು ಮೊದಲೇ ಬಿಗಿದು ಪೈಪನ್ನು ಎಳೆದು ಕೂರಿಸಿದರೆ ಆ ಎಳೆತಕ್ಕೆ ಬ್ರಾಕೆಟ್ ಬಿರುಕು ಬಿಡುತ್ತದೆ. ಒಂದು ಹತ್ತು ಕಿಲೋಮೀಟರ್ ಓಡಿಸಿ, ಪೂರ್ತಿ ಆರಿದ ಮೇಲೆ ಮುಂದಿನ ನಟ್ ಇನ್ನೊಮ್ಮೆ ಬಿಗಿ ಮಾಡಲು ಮರೆಯಬೇಡಿ.

ಕೆಲಸ ಇಲ್ಲಿಗೆ ಮುಗಿಯುವುದಿಲ್ಲ. ಹೊಸ ಸೈಲೆನ್ಸರಿನಲ್ಲಿ ಹೊಗೆ ಹಳೆಯದಕ್ಕಿಂತ ಸರಾಗವಾಗಿ ಹೋದರೆ ಎಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂಬಂತಾಗಬಹುದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ಒಳಗೇ ಆಮ್ಲಜನಕ ಇರುವುದರಿಂದ ಹಳೇ ಕಾರ್ಬೊರೇಟರ್ ಗಾಡಿಗೆ ಅದೂ ಇದೇ ತೊಂದರೆ ಕೊಡುತ್ತದೆ. ಎರಡೂ ಸೇರಿದರೆ ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ನನ್ನ ಇಪ್ಪತ್ತರ ವಯಸ್ಸಿನಲ್ಲಿ ಹುಲಿಕಲ್ ಘಾಟಿ ಹತ್ತುವಾಗ ನನಗೇ ಹೀಗಾಗಿತ್ತು. ಬ್ಯಾಫಲ್ ತೆಗೆದಿದ್ದೆ. ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗಿತು. ಹಿಂದೆ ಲಾರಿ ಇರಲಿಲ್ಲ, ಅದಕ್ಕೆ ಬದುಕಿದೆ. ಗೆಳೆಯರ ಮಾತಿಗೆ ಮೊದಲೇ ಬೇಡ ಎಂದದ್ದು ಇದೇ ಕಾರಣಕ್ಕೆ.

ಹಾಗಾಗಿ ಹೊಸ ಪ್ಲಗ್ ಹಾಕಿ, ನೇರ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಿ. ಕ್ಲಚ್ ಹಿಡಿದು ಅಲ್ಲೇ ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಿ. ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ ಅಡಿಕೆ ಬಣ್ಣದಲ್ಲಿದ್ದರೆ ಸರಿ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ ಆಗಿದೆ. ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ತೂತಿನ ತುಂಡು) ಒಂದು ನಂಬರ್ ದೊಡ್ಡದು ಹಾಕಿಸಿ, ಅಲ್ಲಿಯವರೆಗೆ ಘಾಟಿಗೆ ಹೋಗಬೇಡಿ. ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ ಆಗಿದೆ.

ಘಾಟಿ ಇಳಿಯುವಾಗಿನ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತದೆ, ಆದರೆ ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಬರದಿದ್ದರೆ ಆಯಿಲೂ ಬರುವುದಿಲ್ಲ. ನಡುನಡುವೆ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಾ ಇಳಿಯಿರಿ.

ಪ್ರಶ್ನೆ: ನನ್ನದು 1990ರ ದಶಕದ ಬುಲೆಟ್. ಕಂಪನಿಯದ್ದಲ್ಲದ ಕ್ರೋಮ್ ಸೈಲೆನ್ಸರ್ ಹಾಕಿಸಿದ್ದೆ. ಎರಡೇ ಮಳೆಗಾಲಕ್ಕೆ ಅಡಿಯಲ್ಲಿ ತೂತು ಬಿತ್ತು. ಹೊರಗೆ ದಿನಾ ಒರೆಸುತ್ತೇನೆ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಸಾಗರ

ಉತ್ತರ: ತುಕ್ಕು ಒಳಗಿನಿಂದ ಬಂದಿದೆ. ಮಳೆಯನ್ನು ಬೈಯಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಸೈಲೆನ್ಸರ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿ ಹೋಗುತ್ತದೆ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್, ವಾಪಸ್ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಕಾಯುವುದೇ ಇಲ್ಲ. ನೀರೆಲ್ಲ ಅಡಿಯಲ್ಲಿ ನಿಲ್ಲುತ್ತದೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಯಿಲ್ ಪದರ ತುಕ್ಕನ್ನು ಒಂದಷ್ಟು ತಡೆಯುತ್ತದೆ, ಬುಲೆಟ್ಟಿಗೆ ಆ ರಕ್ಷಣೆ ಇಲ್ಲ. ಅಗ್ಗದ ಸೈಲೆನ್ಸರಿನಲ್ಲಿ ಕ್ರೋಮ್ ಇರುವುದು ಹೊರಗೆ ಮಾತ್ರ.

ಆಷಾಢದಲ್ಲೂ ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ. ಸುಮ್ನೆ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು, ಅದಕ್ಕಿಂತ ಸ್ಟಾರ್ಟ್ ಮಾಡದೇ ಇರುವುದೇ ಮೇಲು. ಸೈಲೆನ್ಸರ್‌ನ ಅತಿ ತಗ್ಗಿನ ಜಾಗದಲ್ಲಿ ನೀರಿಳಿಯುವ ಸಣ್ಣ ತೂತು ಇದೆಯೇ ನೋಡಿ. ಇಲ್ಲದಿದ್ದರೆ ಮೂರು ಮಿಲಿಮೀಟರಿನ ಒಂದು ತೂತು ಹಾಕಿಸಿ. ಸದ್ದಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಮುಂದಿನ ಸಲ ಸಾಧ್ಯವಾದರೆ 304 ದರ್ಜೆಯ ಸ್ಟೀಲಿನದ್ದು ಕೊಳ್ಳಿ. ಅಯಸ್ಕಾಂತ ಹಿಡಿದು ನೋಡಿ, 304ಕ್ಕೆ ಅದು ಗಟ್ಟಿಯಾಗಿ ಅಂಟುವುದಿಲ್ಲ. ದುಬಾರಿ, ಆದರೆ ನಮ್ಮ ಮಳೆಗೆ ಬಾಳುವುದು ಅದೇ.

ಪ್ರಶ್ನೆ: ಆರ್‌ಎಕ್ಸ್ 100 ಬೈಕಿಗೆ ರೇಸಿಂಗ್ ಚೇಂಬರ್ (ರೇಸಿಗೆಂದು ಮಾಡಿದ ಸೈಲೆನ್ಸರ್) ಹಾಕಿಸಬಹುದಾ? ಪೊಲೀಸರು ಹಿಡಿಯುತ್ತಾರಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ರಸ್ತೆಯಲ್ಲಿ ಓಡಿಸುವ ಗಾಡಿಗೆ ಬೇಡ. ಆ ಚೇಂಬರ್ ಎಳೆಯುವುದು ಎಂಜಿನ್ ತುಂಬ ಜೋರಾಗಿ ತಿರುಗುವಾಗ ಮಾತ್ರ. ಊರೊಳಗಿನ ವೇಗದಲ್ಲಿ ಕಂಪನಿ ಸೈಲೆನ್ಸರಿಗಿಂತ ಮಂದ. ಪೊಲೀಸರು ಖಂಡಿತ ಹಿಡಿಯಬಹುದು. ಮೋಟಾರು ವಾಹನ ಕಾಯ್ದೆಯ 190(2) ಕಲಮಿನಲ್ಲಿ ಶಬ್ದ ಮಾಲಿನ್ಯಕ್ಕೆ 10,000 ರೂಪಾಯಿವರೆಗೆ ದಂಡ ಇದೆ. ಮೂರು ತಿಂಗಳವರೆಗೆ ಜೈಲೂ ಆಗಬಹುದು, ಲೈಸೆನ್ಸ್ ಮೂರು ತಿಂಗಳು ಅಮಾನತಾಗುತ್ತದೆ. ಗಾಡಿಗೆ 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕಲ್ವಾ, ಆರ್‌ಟಿಒ ತಪಾಸಣೆಯಲ್ಲೂ ಅದು ಕಣ್ಣಿಗೆ ಬೀಳುತ್ತದೆ.

ನನಗೆ ದಂಡಕ್ಕಿಂತ ದೊಡ್ಡ ಚಿಂತೆ ಬೇರೆ. ನೀವು ತೀರ್ಥಹಳ್ಳಿ ರಸ್ತೆಯಲ್ಲಿ ಹೊರಟರೆ ಸಕ್ರೆಬೈಲಿನಲ್ಲಿ ಆನೆಗಳಿವೆ. ಮುಂದೆ ಮಂಡಗದ್ದೆಯಲ್ಲಿ, ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿ ಮರಿ ಮಾಡುತ್ತವೆ. ರಸ್ತೆ ಅದರ ಪಕ್ಕದಲ್ಲೇ ಇದೆ. ಕಂಪನಿ ಮಾದರಿಯ ಸೈಲೆನ್ಸರನ್ನೇ ಶುಚಿ ಮಾಡಿಸಿ ಹಾಕಿಕೊಳ್ಳಿ. ಆರ್‌ಎಕ್ಸ್ ಸದ್ದು ಅದರಲ್ಲೇ ಚೆನ್ನಾಗಿರುತ್ತದೆ.